ಹದಿನಾರು ಬೇಡ, ಹದಿನೈದೇ ಇರಲಿ

"ಹದಿನಾರು ಬಂದಿದೆ ಸರ್. ಆದ್ರೆ ಬೇಡ ಅಂತಲೇ ಅನಿಸ್ತಿದೆ," ಎಂದು ಅವಳು ಫೋನಿನಲ್ಲಿ ಹೇಳುತ್ತಿದ್ದಳು. "ಹದಿನೈದೇ ಇರಲಿ. ಚೆನ್ನಾಗಿ ಹೊಂದಿಕೊಂಡಿದೆ, ಇಷ್ಟು ದಿನ ಒಂದು ತೊಂದರೆ ಕೊಟ್ಟಿಲ್ಲ. ಹೊಸದನ್ನ ಒಪ್ಪಿಕೊಂಡು, ಆಮೇಲೆ ಬೇಡ ಅಂದ್ರೆ ವಾಪಸ್ ಬರೋಕಾಗಲ್ವಲ್ಲ, ಅದೇ ಭಯ."

ಗೋಡೆಯ ಆಚೆ ಏನೋ ದೊಪ್ಪೆಂದು ಬಿತ್ತು. ಬಿದ್ದದ್ದು ಕೆಮ್ಮಿನ ಸಿರಪ್ಪಿನ ಪೆಟ್ಟಿಗೆ, ಬೀಳಿಸಿದವನು ಆಸ್ಪತ್ರೆಯ ಫಾರ್ಮಸಿಸ್ಟ್.

ಅವಳು ಆ ಮೂವತ್ತು ಹಾಸಿಗೆಯ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಅಲ್ಲಿ ಎಲ್ಲರಿಗೂ ಕಂಪ್ಯೂಟರ್ ಮೇಡಂ, ಮನೆಯಲ್ಲಿ ಅಕ್ಕನಿಗೆ ಮಾತ್ರ ಪುಕ್ಕಲಿ. ಹಿಂದೆ ಹಾಸಿಗೆಯ ಬಟ್ಟೆ ಜೋಡಿಸಿಡುತ್ತಿದ್ದ ಕಿರಿದಾದ ಕೋಣೆ ಈಗ ಅವಳದು. ಆ ಕೋಣೆಗೂ ಫಾರ್ಮಸಿಗೂ ನಡುವೆ ಒಂದು ಜಾರುವ ಗಾಜಿನ ಕಿಟಕಿ. ಅದು ಪೂರ್ತಿ ಮುಚ್ಚುತ್ತಿರಲಿಲ್ಲ. ನಾಲ್ಕು ಬೆರಳಿನಷ್ಟು ಸಂದು ಯಾವಾಗಲೂ ಉಳಿಯುತ್ತಿತ್ತು. ರಿಪೇರಿ ಮಾಡಿಸಬೇಕೆಂದು ಇಬ್ಬರೂ ಎರಡು ವರ್ಷದಿಂದ ಹೇಳುತ್ತಲೇ ಇದ್ದರು. ಮಾಡಿಸುವ ಉತ್ಸಾಹ ಇಬ್ಬರಿಗೂ ಇದ್ದಂತೆ ಕಾಣಲಿಲ್ಲ.

ಅವಳು ಫೋನಿನಲ್ಲಿ ಮಾತಾಡುತ್ತಿದ್ದದ್ದು ಡೇಟಾಬೇಸ್ ವಿಷಯ. ರೋಗಿಗಳ ಹೆಸರು, ಯಾರಿಗೆ ಯಾವ ಔಷಧ ಆಗಿಬರುವುದಿಲ್ಲ ಎಂಬ ವಿವರ, ಎಲ್ಲವೂ ಅದರಲ್ಲಿತ್ತು. ಇಂಟರ್ನೆಟ್ಟನ್ನು ನಂಬಿ ಕೂರುವಂತಿಲ್ಲವೆಂದು ಅದನ್ನು ಆಸ್ಪತ್ರೆಯೊಳಗೇ, ಅವಳ ಮೇಜಿನ ಕೆಳಗಿನ ಮೆಷಿನ್ನಿನಲ್ಲಿ ಇಟ್ಟಿದ್ದರು. ಅದನ್ನು ನಡೆಸುವ ಸಾಫ್ಟ್‌ವೇರ್ ಬರುವುದು ಕಂಟೇನರ್ ಇಮೇಜ್ ಎಂಬ ರೂಪದಲ್ಲಿ. ಬೇಕಾದದ್ದನ್ನೆಲ್ಲ ತುಂಬಿ ಸೀಲು ಹಾಕಿದ ಡಬ್ಬಿ ಎಂದುಕೊಳ್ಳಿ. ಡಬ್ಬಿಯ ಮೇಲೆ ವರ್ಷನ್ ನಂಬರು. ಅಪ್‌ಗ್ರೇಡ್ ಮಾಡುವ ಮುಂಚೆ ಯಾವ ಯಾವ ವರ್ಷನ್ ಸಿಗುತ್ತವೆಂದು ಪಟ್ಟಿ ತೆಗೆದು, ನೋಟ್‌ಬುಕ್ಕಿಗೆ ಕೈಯಾರೆ ಬರೆದುಕೊಂಡು, ತನಗೆ ಕೆಲಸ ಕಲಿಸಿದ ಮೇಷ್ಟ್ರಿಗೆ ಫೋನಿನಲ್ಲಿ ಓದಿ ಹೇಳುವುದು ಅವಳ ರೂಢಿ. ಅಷ್ಟೆಲ್ಲ ಮಾಡಿದರೂ ಅವಳ ಭಯ ಹೋಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಫೋನಿಟ್ಟಾಗ ಕಿಟಕಿಯ ಸಂದಿನಲ್ಲಿ ಅವನ ಅರ್ಧ ಮುಖ ಕಾಣಿಸಿತು.

"ಹದಿನಾರಾ?" ಎಂದ.

"ಹೂಂ. ಹೋದ ವಾರ ಬಂತು."

"ಹಾಗಾದ್ರೆ ಹದಿನೈದೇ ಗಟ್ಟಿ ಆಯ್ತಾ?"

"ಆಯ್ತು. ಮೇಷ್ಟ್ರೂ ಒಪ್ಪಿದ್ರು. ಭಾನುವಾರ ಇದೊಂದು ಮುಗಿಸಿಬಿಟ್ರೆ ನೆಮ್ಮದಿ."

"ಈ ಭಾನುವಾರಾನೇ?"

"ಅವತ್ತಾದ್ರೆ ಜನ ಕಡಿಮೆ, ಗಲಾಟೆ ಇರಲ್ಲ."

ಅವನು ಏನೋ ಹೇಳಲು ಬಾಯಿ ತೆರೆದು, "ಒಳ್ಳೇದಾಗ್ಲಿ" ಎಂದಷ್ಟೇ ಹೇಳಿ ಕಿಟಕಿ ಎಳೆದ. ಬಲ ಹಾಕಿ ಎಳೆದರೆ ಅದು ಪೂರ್ತಿ ಮುಚ್ಚುತ್ತದೆಂದು ಅವಳಿಗೆ ಗೊತ್ತಾದದ್ದು ಆವತ್ತೇ.

ಅವನ ತಲೆಯಲ್ಲಿ ಓಡಿದ್ದೇನೆಂದು ಅವಳಿಗೆ ತಿಳಿಯಲು ಇನ್ನೂ ನಾಲ್ಕು ದಿನ ಬೇಕಿತ್ತು. ನಮಗೆ ಈಗಲೇ ತಿಳಿದರೆ ನಷ್ಟವಿಲ್ಲ. ಗಂಡಿನ ಸಂಬಂಧವನ್ನೂ ಜನ 'ಬಂದಿದೆ' ಅನ್ನುತ್ತಾರೆ, 'ಹೊಂದುತ್ತೆ' ಅನ್ನುತ್ತಾರೆ, 'ಗಟ್ಟಿಯಾಯ್ತು' ಅನ್ನುತ್ತಾರೆ. ಹದಿನಾರು ಸಂಬಂಧ ಬಂದು, ಹದಿನೈದನೆಯದು ಒಪ್ಪಿಗೆಯಾಗಿ, ಭಾನುವಾರ ಸದ್ದುಗದ್ದಲವಿಲ್ಲದೆ ಮದುವೆ ಮುಗಿಯಲಿದೆ ಎಂದು ಆ ಮಹಾಶಯ ತೀರ್ಮಾನಿಸಿ ಆಗಿತ್ತು.

ಅವಳಿಗೆ ಮಾತ್ರ ಏನೂ ಅರ್ಥವಾಗಲಿಲ್ಲ. ತಾನೇನು ತಪ್ಪು ಮಾಡಿದೆ? ಬೆಳಗ್ಗೆ ಬಂದ ಕೂಡಲೇ ಸಂದಿನಿಂದ "ಮೇಡಂ, ಮೆಷಿನ್ನಿಗೆ ಇವತ್ತು ಜ್ವರ ಇದೆಯಾ?" ಎನ್ನುತ್ತಿದ್ದವನು ಈಗ ಎದುರಿಗೆ ಸಿಕ್ಕರೂ ತಲೆಯಾಡಿಸಿ ಹೋಗುತ್ತಿದ್ದ. ಅವನು ಚೀಟಿ ಓದುವಾಗ ಕನ್ನಡಕವನ್ನು ಹಣೆಗೇರಿಸುವುದನ್ನು, ಕಂಪ್ಯೂಟರ್ ಏನೇ ಹೇಳಲಿ ಪ್ರತಿ ರೋಗಿಗೂ "ಯಾವುದಾದ್ರೂ ಮಾತ್ರೆ ನಿಮಗೆ ಆಗಿಬರಲ್ವಾ?" ಎಂದು ಬಾಯಿಬಿಟ್ಟು ಕೇಳುವುದನ್ನು ಅವಳು ಕಿಟಕಿಯಿಂದ ನೋಡುತ್ತ ಎರಡು ವರ್ಷ ಕಳೆದಿದ್ದಳು. ಅವಳಿಗೆ ಅವನೆಂದರೆ ಪ್ರೀತಿ. ಆ ಮಾತನ್ನು ಮನಸ್ಸಿನಲ್ಲಿ ಹೇಳಿಕೊಂಡರೂ ಎದೆ ಡವಗುಟ್ಟುತ್ತಿತ್ತು, ಆದ್ದರಿಂದ ಹೆಚ್ಚಾಗಿ ಹೇಳಿಕೊಳ್ಳುತ್ತಿರಲಿಲ್ಲ.

"ಹೋಗಿ ಕೇಳೇ ಪುಕ್ಕಲಿ," ಎಂದಳು ಅಕ್ಕ, ಬಟ್ಟೆ ಮಡಿಸುತ್ತ.

"ಕೇಳಿದ್ರೆ ಏನಾದ್ರೂ ಹೇಳಿಬಿಟ್ರೆ?"

"ಹೇಳಲಿ ಅಂತಾನೇ ಅಲ್ವೇನೇ ಕೇಳೋದು?"

ಅವಳು ಕೇಳಲಿಲ್ಲ.

ಭಾನುವಾರ ಮಧ್ಯಾಹ್ನ ಹೊರರೋಗಿಗಳ ವಿಭಾಗ ಖಾಲಿ. ಅವಳು ಡೇಟಾಬೇಸಿನ ಒಂದು ಪ್ರತಿಯನ್ನು ತೆಗೆದಿಟ್ಟು, ಪಟ್ಟಿಯನ್ನು ಮತ್ತೊಮ್ಮೆ ತೆರೆದಳು. ಹದಿನೈದರಲ್ಲೇ ಹೊಸ ತಿದ್ದುಪಡಿ ಬಂದಿತ್ತು, ಅದೇ ಅವಳಿಗೆ ಬೇಕಾದದ್ದು. ಆದರೆ ಒಂದೇ ನಂಬರಿನ ಡಬ್ಬಿಗಳು ಎರಡಿದ್ದವು. ಒಂದರಲ್ಲಿ ಬರೀ ನಂಬರು. ಇನ್ನೊಂದರಲ್ಲಿ ನಂಬರಿನ ತುದಿಗೆ ಒಂದು ಸಣ್ಣ ಗೆರೆ, ಗೆರೆಯಾಚೆ ಬಾಲದ ಹಾಗೆ ಒಂದು ಪುಟ್ಟ ಪದ. ಅದರ ಗಾತ್ರ ಮೊದಲನೆಯದರ ಮೂರರಲ್ಲಿ ಒಂದು ಪಾಲು. ಮೆಷಿನ್ನಿನಲ್ಲಿ ಜಾಗ ಕಡಿಮೆಯಿತ್ತು.

ಬೇರೆ ದಿನವಾಗಿದ್ದರೆ ಆ ಬಾಲ ಏನೆಂದು ತಿಳಿಯುವವರೆಗೆ ಅವಳು ಕೀಲಿ ಒತ್ತುತ್ತಿರಲಿಲ್ಲ. ಅಷ್ಟರಲ್ಲಿ ಫಾರ್ಮಸಿಯ ಬಾಗಿಲು ತೆರೆದ ಸದ್ದಾಯಿತು. ರಜೆಯ ದಿನ ಅವನು ಯಾಕೆ ಬಂದ? ಕಿಟಕಿಯ ಗಾಜಿನಾಚೆ ಅವನ ನೆರಳು ನಿಂತಿತು, ಅವಳನ್ನು ಅಲ್ಲಿ ಕಂಡು ಬೆಚ್ಚಿದಂತಾಯಿತು, ಕೂಡಲೇ ಹೊರಟುಹೋಯಿತು. ಒಂದು ಮಾತಿಲ್ಲ. ಅವಳು ಆ ಖಾಲಿ ಗಾಜನ್ನೇ ಎಷ್ಟು ಹೊತ್ತು ನೋಡಿದಳೋ. ಆಮೇಲೆ ಪರದೆಗೆ ತಿರುಗಿ, ಜಾಗ ಉಳಿಯುತ್ತದಲ್ಲ ಎಂದು ಚಿಕ್ಕ ಡಬ್ಬಿಯನ್ನು ಹಾಕಿದಳು. ಡೇಟಾಬೇಸ್ ಎದ್ದಿತು. ದಾಖಲೆಗಳ ಸಂಖ್ಯೆ ಸರಿಯಿತ್ತು. ಎರಡು ಹೆಸರು ಹುಡುಕಿ ನೋಡಿದಳು, ಎರಡೂ ಸಿಕ್ಕವು.

ಸೋಮವಾರ ಬೆಳಗ್ಗೆ ಹತ್ತಕ್ಕೆ ಕಿಟಕಿ ಧಡಕ್ಕನೆ ತೆರೆಯಿತು.

"ನಿಮ್ಮ ಕಂಪ್ಯೂಟರ್ ಟೈಲರಮ್ಮನ್ನ ಮರೆತುಬಿಟ್ಟಿದೆ," ಎಂದ ಅವನು. ಮುಖ ಬಿಳಿಚಿಕೊಂಡಿತ್ತು. "ಇವತ್ತು ಚೀಟಿಯಲ್ಲಿರೋ ಇದೇ ಮಾತ್ರೆ ಹೋದ ವರ್ಷ ತಿಂದು ಅವರ ಮುಖ ಊದಿತ್ತು. ನಾನೇ ಅದನ್ನ ದಾಖಲೆಗೆ ಹಾಕಿದ್ದು. ಈಗ ಹೆಸರು ಹೊಡೆದ್ರೆ ಎಚ್ಚರಿಕೆಯ ಕೆಂಪು ಗೆರೆ ಬರ್ತಿಲ್ಲ. ಅಂಥವರೇ ಇಲ್ಲ ಅಂತಿದೆ."

ಅವಳು ಹೆಸರು ಹೊಡೆದಳು. ಇಲ್ಲ. ಇಡೀ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎಳೆಯುತ್ತ ಹೋದಳು. ಟೈಲರಮ್ಮ ಇದ್ದರು, ಕೆಂಪು ಗೆರೆಯ ಸಮೇತ ಇದ್ದರು. ಇದ್ದವರನ್ನೇ ಇಲ್ಲ ಎನ್ನುತ್ತಿತ್ತು ಮೆಷಿನ್ನು.

ಅವಳಿಗೆ ನೆನಪಾದದ್ದು ನಂಬರಿನ ತುದಿಯ ಆ ಬಾಲ.

"ನಂಬರು ಒಂದೇ, ಡಬ್ಬಿಯ ತಳ, ಅಂದ್ರೆ ಅಡಿಯಲ್ಲಿರೋ ಮೂಲ ಸಾಫ್ಟ್‌ವೇರ್, ಬೇರೆ," ಎಂದಳು. "ಅಕ್ಷರ ಜೋಡಿಸೋ ಕ್ರಮ ಆ ತಳದಿಂದ ಬರುತ್ತೆ. ಹಳೇ ಕ್ರಮದಲ್ಲಿ ಜೋಡಿಸಿಟ್ಟಿದ್ದ ಹೆಸರನ್ನ ಇದು ಹೊಸ ಕ್ರಮದಲ್ಲಿ ಹುಡುಕ್ತಿದೆ."

"ನನ್ನ ಕಪಾಟನ್ನ ಯಾರೋ ಹಿಂದುಮುಂದು ಮಾಡಿದ ಹಾಗೆ."

"ಕಪಾಟು ಹಾಗೇ ಇದೆ. ಹುಡುಕೋರು ಬೇರೆಯವರಾಗಿದ್ದಾರೆ. ಎಲ್ಲರೂ ತಪ್ಪಿ ಹೋಗಿಲ್ಲ. ಹೆಸರಲ್ಲಿ ಚುಕ್ಕೆ, ಜಾಗ ಬಿಟ್ಟು ಬರೆದಿರೋ ಕೆಲವರು ಮಾತ್ರ. ಹದಿನಾರಕ್ಕೆ ಹೋದ್ರೆ ಅಪಾಯ ಅಂತ ಹದಿನೈದರಲ್ಲೇ ಉಳಿದೆ, ಆದ್ರೂ..."

ಅವನು ತಟ್ಟನೆ ಅವಳ ಮುಖ ನೋಡಿದ. "ಹದಿನೈದು ಅಂದ್ರೆ ಇದಾ?"

"ಮತ್ತೇನು?" ಎಂದಳು ಅವಳು. ಆ ಪ್ರಶ್ನೆಯ ಕಡೆ ಗಮನ ಕೊಡುವ ಸ್ಥಿತಿಯಲ್ಲಿ ಅವಳಿರಲಿಲ್ಲ. "ಬೆಳಗ್ಗೆಯಿಂದ ಎಷ್ಟು ಜನಕ್ಕೆ ಔಷಧ ಕೊಟ್ಟಿದೀರಿ?"

"ಟೈಲರಮ್ಮನ್ನೂ ಸೇರಿಸಿದ್ರೆ ನಲವತ್ತೊಂದು."

ನಲವತ್ತೊಂದನ್ನೂ ಅವಳು ಒಂದೊಂದಾಗಿ ಇಡೀ ಪಟ್ಟಿಯ ಜೊತೆ ಹೋಲಿಸಿದಳು. ತಪ್ಪಿಹೋದವರು ಇಬ್ಬರು. ಒಬ್ಬರು ಟೈಲರಮ್ಮ, ಹೊರಗೆ ಬೆಂಚಿನ ಮೇಲೆ ಕ್ಷೇಮವಾಗಿ ಗೊಣಗುತ್ತಿದ್ದರು. ಇನ್ನೊಬ್ಬ ಬಡಗಿ. ಪೆನ್ಸಿಲಿನ್ ಆಗಿಬರುವುದಿಲ್ಲ ಎಂದು ಅವನ ದಾಖಲೆ ಹೇಳುತ್ತಿತ್ತು. ಒಂಬತ್ತೂ ಇಪ್ಪತ್ತಕ್ಕೆ ಅದೇ ಜಾತಿಯ ಮಾತ್ರೆ ತೆಗೆದುಕೊಂಡು ಹೋಗಿದ್ದ.

ಬಡಗಿಗೆ ಫೋನು ಮಾಡಿದರು, ರಿಂಗಾಯಿತು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದರೂ ಎತ್ತಲಿಲ್ಲ.

"ಗರಗಸ ಓಡ್ತಿದ್ರೆ ಅವರಿಗೆ ಕೇಳಿಸಲ್ಲ," ಎಂದಳು ಅವಳು. "ಈ ಮೇಜು ಮಾಡಿಕೊಟ್ಟಿದ್ದು ಅವರೇ. ಅಂಗಡಿ ಎರಡು ಬೀದಿ ಆಚೆ, ನನಗೆ ಗೊತ್ತು."

ಅವನು ಡ್ಯೂಟಿ ಡಾಕ್ಟರಿಗೆ ವಿಷಯ ತಿಳಿಸಿ, ತುರ್ತು ಇಂಜೆಕ್ಷನ್ನನ್ನು ಜೇಬಿಗಿಳಿಸುವಷ್ಟರಲ್ಲಿ ಅವಳು ಹಳೆಯ ಡಬ್ಬಿಯನ್ನು ವಾಪಸ್ ಹಾಕಿ, ಹೆಸರುಗಳನ್ನೆಲ್ಲ ಮೊದಲಿನಿಂದ ಜೋಡಿಸುವಂತೆ ಮೆಷಿನ್ನಿಗೆ ಹೇಳಿದಳು. ಹಿರಿಯ ನರ್ಸ್ ಕೌಂಟರಿಗೆ ಬಂದು ಕೂತರು. ಕಂಪ್ಯೂಟರನ್ನು ನಂಬಬೇಡಿ, ಬಾಯಿಬಿಟ್ಟು ಕೇಳಿಯೇ ಕೊಡಿ ಎಂದು ಅವರಿಗೆ ಹೇಳಿ ಇಬ್ಬರೂ ಓಡಿದರು.

ಓಡುವುದೆಂದರೆ ಅವಳಿಗೆ ಸಣ್ಣಂದಿನಿಂದ ಆಗದು. ಮೊದಲ ತಿರುವಿನಲ್ಲೇ ಪಕ್ಕೆ ಹಿಡಿದುಕೊಂಡಿತು. ಅವನು ಹಿಂದಕ್ಕೆ ಕೈ ಚಾಚಿ ಅವಳ ಮಣಿಕಟ್ಟು ಹಿಡಿದುಕೊಂಡ. ಎರಡು ವರ್ಷದಲ್ಲಿ ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು. ಅದರ ಸುಖ ಅವಳಿಗೆ ಚೂರೂ ತಿಳಿಯಲಿಲ್ಲ. ಆ ಮನುಷ್ಯ ಬದುಕಿರಲಿ, ಬದುಕಿರಲಿ ಎಂಬುದೊಂದೇ ತಲೆಯೊಳಗೆ ಸುತ್ತುತ್ತಿತ್ತು.

ಅಂಗಡಿಯಲ್ಲಿ ಗರಗಸ ನಿಂತಿತ್ತು. ಬಡಗಿ ಹಲಗೆಗಳ ರಾಶಿಗೆ ಒರಗಿ ಕೂತು ಕುತ್ತಿಗೆ ತುರಿಸಿಕೊಳ್ಳುತ್ತಿದ್ದ. ತುಟಿಗಳು ದಪ್ಪಗಾಗಿದ್ದವು.

"ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ," ಎಂದ. ದನಿ ಒಡೆದಿತ್ತು.

ಫಾರ್ಮಸಿಸ್ಟ್ ಮಂಡಿಯೂರಿ ತೊಡೆಗೆ ಇಂಜೆಕ್ಷನ್ ಒತ್ತಿ ಹಿಡಿದ. ಪಕ್ಕದ ಅಂಗಡಿಯವನ ಪಿಕಪ್ ವ್ಯಾನಿನಲ್ಲಿ, ಪ್ಲೈವುಡ್ ಹಾಳೆಗಳ ನಡುವೆ, ಬಡಗಿಯನ್ನು ಮಲಗಿಸಿಕೊಂಡು ಹೊರಟರು. ಅವಳು ಅವನ ತಲೆಯ ಬಳಿ ಕೂತು ಉಸಿರು ಎಣಿಸಿದಳು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಜಾಗವಿರುತ್ತದೆಂದು ಅವಳು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಕಾದಿತ್ತು. ಬಡಗಿಯನ್ನು ಒಳಗೆ ಕರೆದೊಯ್ದರು, ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತರು. ಅವಳು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು.

"ಬದುಕ್ತಾರಾ?"

"ಇಂಜೆಕ್ಷನ್ ಕೆಲಸ ಮಾಡಿದೆ. ದನಿ ಸ್ವಲ್ಪ ತಿಳಿಯಾಗಿತ್ತು." ಅವನು ಅವಳ ಕಡೆ ತಿರುಗಿ ಕೇಳಿದ, "ಒಂದು ಮಾತು. ಆ ಹದಿನೈದು, ಹದಿನಾರು, ಎಲ್ಲ ಡಬ್ಬಿ ನಂಬರಾ?"

"ಹೂಂ. ನೀವೇನು ಅಂದ್ಕೊಂಡಿದ್ರಿ?"

"ಗಂಡು."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. "ಹದಿನಾರು ಗಂಡಾ? ನನಗಾ?"

"ಯಾಕೆ, ಬರಬಾರದಾ? ನಿಮ್ಮಂಥವರಿಗೆ ಇಪ್ಪತ್ತು ಬಂದ್ರೂ ಬರಬಹುದು." ಅವನು ನೆಲ ನೋಡುತ್ತ ಹೇಳಿದ. "ಭಾನುವಾರ ನಿಮ್ಮ ಮದುವೆ ಅಂತ ಮನೇಲಿ ಕೂರೋಕಾಗಲಿಲ್ಲ. ಇಲ್ಲಿ ಬಂದು ಸ್ಟಾಕ್ ಜೋಡಿಸೋಣ ಅಂತ ಬಂದೆ. ನೋಡಿದ್ರೆ ಮದುಮಗಳು ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಮದುವೆ ಮುಗಿಸಿಯೇ ಕೆಲಸಕ್ಕೆ ಬಂದ್ರೇನೋ ಅಂದ್ಕೊಂಡೆ, ದಿಕ್ಕೇ ತೋಚಲಿಲ್ಲ."

ನಗು ಬಂದೇಬಿಟ್ಟಿತು. ಬಾಯಿ ಮುಚ್ಚಿಕೊಂಡು ನಕ್ಕಳು, ನಗುತ್ತಲೇ ಕಣ್ಣು ತುಂಬಿತು, ಆಮೇಲೆ ಅದು ಬರೀ ಅಳುವಾಯಿತು. ಮುಚ್ಚಿದ ಬಾಗಿಲ ಹಿಂದೆ ಒಬ್ಬ ಮನುಷ್ಯ ಉಸಿರಿಗೆ ಒದ್ದಾಡುತ್ತಿರುವಾಗ ನಗಲು ಅವಳಿಗೆ ಯಾವ ಹಕ್ಕೂ ಇರಲಿಲ್ಲ.

"ದೊಡ್ಡ ಡಾಕ್ಟರಮ್ಮ ಕರೆದಾಗ ನೀವು ಸುಮ್ಮನಿರಿ," ಎಂದ ಅವನು. "ತಪ್ಪು ನಂದು ಅಂತ ನಾನು ಹೇಳ್ತೀನಿ."

"ಬೇಡ. ನನ್ನ ಮೇಲೆ ಕನಿಕರ ತೋರಿಸಬೇಡಿ."

"ಕನಿಕರ ಅಲ್ಲ."

"ನೀವು ಹೊತ್ತುಕೊಂಡ್ರೆ ಮೆಷಿನ್ನಲ್ಲಿ ಏನಾಯ್ತು ಅಂತ ಯಾರಿಗೂ ಗೊತ್ತಾಗಲ್ಲ. ನಾಳೆ ಬೇರೆ ಯಾರೋ ಮತ್ತೆ ಅದೇ ಡಬ್ಬಿ ಹಾಕ್ತಾರೆ. ನನಗೆ ಭಯ ಇದೆ, ಹೌದು. ಕೆಲಸ ಹೋಗಬಹುದು. ಆದ್ರೂ ನಾನೇ ಹೇಳ್ತೀನಿ."

ಆಸ್ಪತ್ರೆಯ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಡಾಕ್ಟರಮ್ಮ ಎನ್ನುತ್ತಿದ್ದರು. ಆಕೆ ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ, ಅದಕ್ಕೇ ಎಲ್ಲರೂ ಹೆದರುತ್ತಿದ್ದರು. ಬಡಗಿಯ ಉಸಿರು ಹತೋಟಿಗೆ ಬಂದಿದೆ, ನಾಳೆಯವರೆಗೆ ಇಲ್ಲೇ ಇರಲಿ ಎಂದು ಮೊದಲು ಹೇಳಿದರು. ಆಮೇಲೆ ಕೈ ಕಟ್ಟಿಕೊಂಡು ಕೂತರು.

ಅವಳು ಹೇಳಿದಳು. ಪಟ್ಟಿ ನೋಡಿದ್ದು, ಚಿಕ್ಕದೆಂದು ಆರಿಸಿದ್ದು, ಬಾಲದ ಅರ್ಥ ತಿಳಿಯದೆ ಹಾಕಿದ್ದು, ಎರಡೇ ಹೆಸರು ಹುಡುಕಿ ಮನೆಗೆ ಹೋದದ್ದು. ಒಂದನ್ನೂ ಬಿಡಲಿಲ್ಲ.

ಡಾಕ್ಟರಮ್ಮ ಫಾರ್ಮಸಿಸ್ಟ್ ಕಡೆ ತಿರುಗಿದರು. "ಟೈಲರಮ್ಮನ್ನ ಹಿಡಿದ್ರಿ. ಬಡಗಿಯನ್ನ ಹೇಗೆ ಬಿಟ್ರಿ? ಕಂಪ್ಯೂಟರ್ ಹೇಳಲಿ ಬಿಡಲಿ, ನೀವು ಎಲ್ಲರನ್ನೂ ಬಾಯಿಬಿಟ್ಟು ಕೇಳ್ತೀರಿ."

"ಅವರನ್ನ ಕೇಳಲಿಲ್ಲ."

"ಯಾಕೆ?"

ಅವನು ಕನ್ನಡಕ ತೆಗೆದ, ಹಾಕಿಕೊಂಡ. "ಒಂಬತ್ತೂ ಇಪ್ಪತ್ತಕ್ಕೆ ಬಂದ್ರು ಅವರು. ಅದೇ ಹೊತ್ತಿಗೆ ಆಚೆ ಕೋಣೆಗೆ ಇವರು ಬಂದ್ರು. ನಾನು ಅವರ ಚೀಟಿ ನೋಡ್ತಿರಲಿಲ್ಲ. ಕಿಟಕಿ ನೋಡ್ತಿದ್ದೆ."

"ಕಿಟಕಿಯಲ್ಲಿ ಏನಿತ್ತು?"

"ಇವರು."

ಡಾಕ್ಟರಮ್ಮನ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವಳಿಗೆ ಕೂತ ಕುರ್ಚಿ ನೆಲಕ್ಕಿಳಿದರೆ ಸಾಕಾಗಿತ್ತು.

"ನಿನ್ನೆ ಇವರ ಮದುವೆ ಅಂತ ತಪ್ಪು ತಿಳಿದಿದ್ದೆ," ಎಂದ ಅವನು, ಈಗ ನಿಲ್ಲಿಸಲಾರದವನಂತೆ. "ಮುಖದಲ್ಲಿ ಸಂತೋಷ ಇದೆಯಾ ನೋಡೋಣ ಅಂತ ನೋಡ್ತಿದ್ದೆ. ಕೈ ತನ್ನಷ್ಟಕ್ಕೆ ತಾನೇ ಮಾತ್ರೆ ಕೊಟ್ಟುಬಿಡ್ತು. ಎರಡು ವರ್ಷದಿಂದ ಇವರನ್ನ ನೋಡ್ತಾನೇ ಇದೀನಿ ಡಾಕ್ಟರೇ, ಯಾವತ್ತೂ ಕೆಲಸ ತಪ್ಪಿರಲಿಲ್ಲ. ಇವತ್ತು ತಪ್ಪಿದೆ. ಅವರಿಗೇನಾದ್ರೂ ಆಗಿದ್ರೆ ಅದು ನನ್ನ ಕೈಯಿಂದ ಆದದ್ದು."

ಡಾಕ್ಟರಮ್ಮ ಎರಡು ಫಾರಂ ತೆಗೆದು ಮೇಜಿನ ಮೇಲಿಟ್ಟರು. "ಇಬ್ಬರೂ ಬರೆದುಕೊಡಿ. ಕೆಲಸ ಇರುತ್ತೋ ಇಲ್ಲವೋ, ಆಸ್ಪತ್ರೆಯ ಸಮಿತಿ ಹೇಳುತ್ತೆ, ನಾನಲ್ಲ. ಬರೆಯೋ ಮುಂಚೆ ಆ ಮನುಷ್ಯನ ಹತ್ತಿರ ಹೋಗಿ ನೀವೇ ಹೇಳಿ."

ಹೋದರು. ಬಡಗಿ ದಿಂಬಿಗೆ ಒರಗಿದ್ದ, ತುಟಿಯ ಊತ ಇಳಿಯುತ್ತಿತ್ತು. ಇಬ್ಬರೂ ಸರದಿಯಂತೆ ತಪ್ಪೊಪ್ಪಿಕೊಂಡದ್ದನ್ನು ಅವನು ಕೇಳಿಸಿಕೊಂಡ. ಪರವಾಗಿಲ್ಲ ಎನ್ನಲಿಲ್ಲ. "ನನಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ," ಎಂದಷ್ಟೇ ಹೇಳಿ ಕಣ್ಣು ಮುಚ್ಚಿಕೊಂಡ. ಆ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು. ಅದು ಅಲ್ಲೇ ಇರಬೇಕಾದದ್ದು ಎಂದೂ ಅನಿಸಿತು.

ಅವಳ ಕೋಣೆಯ ಮೇಜಿನಲ್ಲೇ ಎದುರುಬದುರು ಕೂತು ಇಬ್ಬರೂ ಫಾರಂ ತುಂಬಿದರು. ಏನಾಯಿತು, ಯಾವಾಗ, ಯಾರಿಗೆ. ಕೊನೆಯ ಸಾಲು: ಕಾರಣ. ಅವನ ಪೆನ್ನು ಅಲ್ಲಿ ನಿಂತಿತು.

"ಇಲ್ಲಿ ಏನಂತ ಬರೀಲಿ?" ಎಂದ ಮೆಲ್ಲಗೆ. "ಅಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ನಿಮಗೆ ಮುಜುಗರ ಆಗಿದ್ರೆ ಕ್ಷಮಿಸಿ. ನೀವು ಉತ್ತರ ಕೊಡಬೇಕು ಅಂತೇನಿಲ್ಲ."

ಅವಳು ತಲೆ ಎತ್ತಲಿಲ್ಲ. "'ಗಮನ ಬೇರೆ ಕಡೆ ಇತ್ತು' ಅಂತ ಬರೀರಿ."

ಅವನು ಬರೆದ.

ಅವಳ ಫಾರಂನಲ್ಲೂ ಆ ಸಾಲು ಖಾಲಿಯಿತ್ತು. ಜಾಗ ಕಡಿಮೆಯಿತ್ತು ಎಂದು ಬರೆಯಬಹುದಿತ್ತು. ಅದು ಸುಳ್ಳೇನೂ ಅಲ್ಲ. ಡಾಕ್ಟರಮ್ಮನ ಎದುರು ಆಗದಷ್ಟು, ವ್ಯಾನಿನಲ್ಲಿ ಆಗದಷ್ಟು ಭಯ ಈಗ ಆಗುತ್ತಿತ್ತು. ಅವಳು ಪೆನ್ನನ್ನು ಒತ್ತಿ ಹಿಡಿದು ಅದೇ ನಾಲ್ಕು ಪದ ಬರೆದಳು, ಕಾಗದವನ್ನು ಅವನ ಕಡೆ ತಿರುಗಿಸಿದಳು.

ಅವನು ಓದಿದ. ಇನ್ನೊಮ್ಮೆ ಓದಿದ.

"ಭಾನುವಾರ?" ಎಂದ. "ನಿಮ್ಮದು ಎಲ್ಲಿತ್ತು?"

"ನೀವು ಬಂದು ಮಾತಾಡದೆ ಹೋದ್ರಲ್ಲ," ಎಂದಳು ಅವಳು. "ನಿಮ್ಮ ಹಿಂದೇನೇ ಹೋಗಿತ್ತು."

ಇಬ್ಬರೂ ಸಹಿ ಹಾಕಿ, ಎರಡು ಕಾಗದಗಳನ್ನೂ ಒಂದೇ ಪಿನ್ನಿನಲ್ಲಿ ಸೇರಿಸಿ, ಡಾಕ್ಟರಮ್ಮನ ಕೋಣೆಯ ಕಡೆ ಒಟ್ಟಿಗೆ ನಡೆದರು.